ಹನ್ನೊಂದರಿಂದ ಆರಂಭವಾಗುವ ಮಾಲೆ: ಎಳೆಯರ ಚಿತ್ರಕಥಾ ಪುಸ್ತಕಗಳ ಒಂದು ಪೂರ್ವಚರಿತ್ರೆ

ಭಾರತೀಯ ಚಿತ್ರಕಥಾ ಪುಸ್ತಕಗಳ ಚರಿತ್ರೆಯನ್ನು ನಿರೂಪಿಸುವವರು ಸಾಮಾನ್ಯವಾಗಿ 'ಅಮರ ಚಿತ್ರಕಥೆ' ಮಾಲೆಯ 'ಕೃಷ್ಣ' ಸಂಚಿಕೆಯಿಂದ ತೊಡಗುತ್ತಾರೆ. ಅನಂತ ಪೈ ಅವರ ಸಂಪಾದಕತ್ವದಲ್ಲಿ, ರಾಮ್ ವಾಯೀರ್ಕರ್ ಅವರ ಚಿತ್ರಗಳೊಡನೆ ಪ್ರಕಟವಾದ ಈ ಇಂಗ್ಲಿಷ್ ಪುಸ್ತಕವೇ ಮಾಲೆಯ ಮೊದಲ ಕೃತಿಯೆಂಬುದು ಜನಜನಿತವಾದ ಭಾವನೆ. ಆದರೆ ಮೂಲ ಮಾಲೆಯಲ್ಲಿ ಆ ಪುಸ್ತಕದ ಕ್ರಮಸಂಖ್ಯೆ 1 ಅಲ್ಲ, 11. ಅನಂತರ ಬಂದ 'ಶಕುಂತಲಾ' 12, 'ಪಾಂಡವ ಪ್ರಿನ್ಸಸ್' 13, 'ಸಾವಿತ್ರಿ' 14, 'ರಾಮ' 15. ಹಾಗಾದರೆ ಮೊದಲ ಹತ್ತು ಪುಸ್ತಕಗಳು ಯಾವುವು? ಈ ಸರಳ ಪ್ರಶ್ನೆಯನ್ನು ಬೆನ್ನಟ್ಟಿ ಹೊರಟರೆ ದಾರಿ ಮೊದಲು ಬೆಂಗಳೂರಿಗೂ, ಅಲ್ಲಿಂದ ನ್ಯೂಯಾರ್ಕಿನ ಒಂದು ಪ್ರಕಾಶನ ಸಂಸ್ಥೆಗೂ ಒಯ್ಯುತ್ತದೆ. ಎಳೆಯ ಮಕ್ಕಳಿಗೆಂದೇ ರೂಪುಗೊಂಡ ಒಂದು ಅಮೆರಿಕನ್ ಚಿತ್ರಕಥಾ ಮಾಲೆಯ ಹುಟ್ಟು, ಸ್ವರೂಪ ಮತ್ತು ಅವಸಾನಗಳನ್ನು ವಿವರಿಸಿ, ಅದಕ್ಕೂ ಕನ್ನಡಕ್ಕೂ ಇರುವ ಸಂಬಂಧವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಮೂಲ ಮಾಲೆ

ಆಲ್ಬರ್ಟ್ ಕ್ಯಾಂಟರ್ (1897–1973) ರಷ್ಯಾದಲ್ಲಿ ಹುಟ್ಟಿ, 1904ರಲ್ಲಿ ಕುಟುಂಬದೊಡನೆ ಅಮೆರಿಕಕ್ಕೆ ವಲಸೆ ಬಂದ ಯಹೂದಿ. ಊರೂರು ಸುತ್ತುವ ಮಾರಾಟಗಾರನಾಗಿ ದುಡಿದ ಈತನು, ಹುಡುಗರು ಸಾಹಸ ಚಿತ್ರಕಥೆಗಳನ್ನು ಮುಗಿಬಿದ್ದು ಓದುವುದನ್ನು ಕಂಡು, ಅದೇ ರೂಪದಲ್ಲಿ ಅಭಿಜಾತ ಕೃತಿಗಳನ್ನು ಒದಗಿಸಬಹುದೆಂದು ಯೋಚಿಸಿದನು. 1941ರ ಅಕ್ಟೋಬರಿನಲ್ಲಿ 'ದ ತ್ರೀ ಮಸ್ಕೆಟಿಯರ್ಸ್' ಕೃತಿಯೊಂದಿಗೆ 'ಕ್ಲಾಸಿಕ್ ಕಾಮಿಕ್ಸ್' ಆರಂಭವಾಯಿತು. ಮುಂದಿನ ವರ್ಷ ಅದು ಗಿಲ್ಬರ್ಟನ್ ಎಂಬ ಸಂಸ್ಥೆಯ ಹೆಸರಿನಲ್ಲಿ ಬರತೊಡಗಿತು. 1947ರಲ್ಲಿ ಮಾಲೆಯ ಹೆಸರನ್ನು 'ಕ್ಲಾಸಿಕ್ಸ್ ಇಲ್ಲಸ್ಟ್ರೇಟೆಡ್' ಎಂದು ಬದಲಾಯಿಸಲಾಯಿತು. 'ಕಾಮಿಕ್ಸ್' ಎಂಬ ಮಾತಿಗೆ ಅಂಟಿದ್ದ ಅಪಕೀರ್ತಿಯಿಂದ ದೂರ ಸರಿಯುವುದೇ ಈ ಬದಲಾವಣೆಯ ಇಂಗಿತ.

ಈ ಮಾಲೆ ಹದಿಹರೆಯದವರಿಗೆ ಸಲ್ಲುವಂಥದು. ಡ್ಯೂಮಾ, ಡಿಕನ್ಸ್, ಹ್ಯೂಗೋ ಮೊದಲಾದವರ ಕಾದಂಬರಿಗಳು ಚಿತ್ರಕ್ಕಿಳಿದಾಗಲೂ ಆರೇಳು ವರ್ಷದ ಮಗುವಿಗೆ ಅವು ನಿಲುಕುತ್ತಿರಲಿಲ್ಲ. ಆ ಕೊರತೆಯನ್ನು ತುಂಬಲು 1953ರ ಅಕ್ಟೋಬರಿನಲ್ಲಿ 'ಕ್ಲಾಸಿಕ್ಸ್ ಇಲ್ಲಸ್ಟ್ರೇಟೆಡ್ ಜೂನಿಯರ್' ಹೊರಬಂದಿತು. ಹಿರಿಯರ ಮಾಲೆಯೊಡನೆ ಗೊಂದಲವಾಗದಿರಲೆಂದು ಇದರ ಕ್ರಮಸಂಖ್ಯೆಯನ್ನು 501ರಿಂದ ಆರಂಭಿಸಲಾಯಿತು. ಮೊದಲ ಪುಸ್ತಕ 'ಸ್ನೋ ವೈಟ್'. 1962ರಲ್ಲಿ 577ನೆಯ ಸಂಖ್ಯೆಗೆ ಮಾಲೆ ನಿಲ್ಲುವ ವೇಳೆಗೆ ಒಟ್ಟು 77 ಪುಸ್ತಕಗಳು ಪ್ರಕಟವಾಗಿದ್ದವು.

2. ಜೂನಿಯರ್ ಮಾಲೆಯ ಸ್ವರೂಪ

ಈ ಪುಸ್ತಕಗಳ ವಸ್ತು ಬಹುಪಾಲು ಯುರೋಪಿನ ಜನಪದ ಕಥೆಗಳದು. ಗ್ರಿಮ್ ಸೋದರರ ಸಂಗ್ರಹ, ಫ್ರಾನ್ಸಿನ ಪೆರೋ ಹೇಳಿದ ಕಥೆಗಳು, ಡೆನ್ಮಾರ್ಕಿನ ಆಂಡರ್ಸನ್ ರಚನೆಗಳು ಇವುಗಳ ಮುಖ್ಯ ಆಕರ. ಅವುಗಳ ನಡುವೆ 'ಜಾನಿ ಆ್ಯಪಲ್‌ಸೀಡ್', 'ಪಾಲ್ ಬನ್ಯನ್' ಎಂಬ ಅಮೆರಿಕದ್ದೇ ಐತಿಹ್ಯಗಳೂ ಸೇರಿದವು. ಯಾರ ಹಕ್ಕಿಗೂ ಒಳಪಡದ ಕಥೆಗಳಾದ್ದರಿಂದ ಗೌರವಧನದ ಹೊರೆಯಿರಲಿಲ್ಲ. ಈ ಮಾತಿಗೆ 'ದ ವಿಝರ್ಡ್ ಆಫ್ ಆಝ್' ಒಳ್ಳೆಯ ನಿದರ್ಶನ. 1900ರಲ್ಲಿ ಪ್ರಕಟವಾದ ಬಾಮ್‌ನ ಈ ಕೃತಿಯ ಹಕ್ಕುಸ್ವಾಮ್ಯ ಅಮೆರಿಕದಲ್ಲಿ 1956ರಲ್ಲಿ ಮುಗಿಯಿತು. ಜೂನಿಯರ್ ಮಾಲೆಯಲ್ಲಿ ಅದು 535ನೆಯ ಪುಸ್ತಕವಾಗಿ ಬಂದದ್ದು ಅದರ ಮರುವರ್ಷ.

ಒಂದು ಪುಸ್ತಕಕ್ಕೆ ಒಂದೇ ಪೂರ್ಣ ಕಥೆ, ಪುಟದಲ್ಲಿ ಕೆಲವೇ ಚೌಕಟ್ಟುಗಳು, ಚಿಕ್ಕ ವಾಕ್ಯಗಳು. ಮುಖ್ಯ ಕಥೆಯ ಬಳಿಕ ಈಸೋಪನ ಒಂದು ನೀತಿಕಥೆ, ಒಂದು ಶಿಶುಪ್ರಾಸ, ಪ್ರಾಣಿಗಳ ಪರಿಚಯ, ಬಣ್ಣ ತುಂಬಲು ಒಂದು ಚಿತ್ರ ಇರುತ್ತಿದ್ದವು. ತಾಯಿ ಓದಿ ಹೇಳುವ ಕಥೆಗೂ ಮಗು ತಾನೇ ಓದುವ ಪುಸ್ತಕಕ್ಕೂ ನಡುವಣ ಮೆಟ್ಟಿಲಾಗಿ ಇದನ್ನು ಯೋಜಿಸಲಾಗಿತ್ತೆಂಬುದು ಈ ಏರ್ಪಾಡಿನಿಂದಲೇ ಸ್ಪಷ್ಟವಾಗುತ್ತದೆ.

ಮಾರಾಟದ ಕ್ರಮವೂ ಗಮನಾರ್ಹ. ಇತರ ಚಿತ್ರಕಥಾ ಪತ್ರಿಕೆಗಳು ತಿಂಗಳು ಕಳೆದರೆ ಹಳತಾಗಿ ಅಂಗಡಿಯಿಂದ ಹಿಂದಿರುಗುತ್ತಿದ್ದವು. ಗಿಲ್ಬರ್ಟನ್ ಪುಸ್ತಕಗಳು ಹಾಗೆ ಹಳತಾಗುತ್ತಿರಲಿಲ್ಲ. ಮುಗಿದವು ಮತ್ತೆ ಮುದ್ರಣವಾಗುತ್ತಿದ್ದವು. ಲಭ್ಯವಿರುವ ಶೀರ್ಷಿಕೆಗಳ ಪಟ್ಟಿ ಪುಸ್ತಕದಲ್ಲಿಯೇ ಅಚ್ಚಾಗಿದ್ದು, ಓದುಗರು ಬೇಕಾದ ಸಂಖ್ಯೆಯನ್ನು ತರಿಸಿಕೊಳ್ಳಬಹುದಿತ್ತು. ಅಂದರೆ ಇದು ರೂಪದಲ್ಲಿ ಪತ್ರಿಕೆ, ಆಯುಷ್ಯದಲ್ಲಿ ಪುಸ್ತಕ.

ಮಾಲೆ ಹುಟ್ಟಿದ ಕಾಲ ಅನುಕೂಲಕರವಾಗಿರಲಿಲ್ಲ. 1954ರಲ್ಲಿ ಮನೋವೈದ್ಯ ಫ್ರೆಡರಿಕ್ ವರ್ಥಮ್, ಚಿತ್ರಕಥೆಗಳು ಬಾಲಾಪರಾಧಕ್ಕೆ ಕಾರಣವೆಂದು ವಾದಿಸಿ ಗ್ರಂಥವೊಂದನ್ನು ಬರೆದನು. ಅದೇ ವರ್ಷ ಅಮೆರಿಕದ ಸೆನೆಟ್ಟಿನ ಉಪಸಮಿತಿ ಈ ಕುರಿತು ವಿಚಾರಣೆ ನಡೆಸಿತು. ಪ್ರಕಾಶಕರು ತಾವಾಗಿಯೇ ನೀತಿಸಂಹಿತೆಯೊಂದನ್ನು ರಚಿಸಿಕೊಂಡರು. ಆದರೆ ಗಿಲ್ಬರ್ಟನ್ ಆ ಸಂಹಿತೆಗೆ ಒಳಪಡಲಿಲ್ಲ. ತಮ್ಮ ಪ್ರಕಟಣೆಗಳು ಕಾಮಿಕ್ಸ್ ಅಲ್ಲ, ಸಚಿತ್ರ ಸಾಹಿತ್ಯವೆಂಬುದು ಅವರ ನಿಲುವು. ಅನುಮಾನಕ್ಕೊಳಗಾದ ಮಾಧ್ಯಮವೊಂದು ಪಾಲಕರ ವಿಶ್ವಾಸವನ್ನು ಗಳಿಸಲು ಹಿಡಿದ ಈ ಹಾದಿ ಮುಂದೆ ಭಾರತದಲ್ಲಿಯೂ ಪುನರಾವರ್ತನೆಯಾಯಿತು.

ದೂರದರ್ಶನದ ಪ್ರಸಾರ, ಅಗ್ಗದ ಕಾಗದಹೊದಿಕೆಯ ಪುಸ್ತಕಗಳ ಹೆಚ್ಚಳ, ಅಂಚೆಯ ರಿಯಾಯಿತಿ ದರದ ನಷ್ಟ ಇವೆಲ್ಲ ಸೇರಿ 1960ರ ದಶಕದ ಆರಂಭದಲ್ಲಿ ಗಿಲ್ಬರ್ಟನ್ ಸಂಸ್ಥೆಯನ್ನು ಕುಗ್ಗಿಸಿದವು. 1962ರ ನಂತರ ಎಳೆಯರಿಗಾಗಿ ಹೊಸ ಪುಸ್ತಕ ಬರಲಿಲ್ಲ. ಹಳೆಯವು ಮಾತ್ರ ಮರುಮುದ್ರಣವಾಗುತ್ತಿದ್ದವು. 1967ರಲ್ಲಿ ಕ್ಯಾಂಟರ್ ಸಂಸ್ಥೆಯನ್ನು ಮಾರಿದನು. ಹೀಗೆ ತವರಿನಲ್ಲಿ ಬೆಳವಣಿಗೆ ನಿಂತುಹೋದ ಕಾಲದಲ್ಲಿಯೇ ಆ ಕಥೆಗಳು ಕನ್ನಡದ ಬಾಗಿಲಿಗೆ ಬಂದವು.

3. ಬೆಂಗಳೂರಿನ ಹತ್ತು ಪುಸ್ತಕಗಳು

ಮುಂಬಯಿಯ ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರು 1965ರಲ್ಲಿ ಮಕ್ಕಳ ಚಿತ್ರಕಥೆಗಳನ್ನು ಕನ್ನಡದಲ್ಲಿ ತರುವ ಯೋಜನೆಯನ್ನು ಮುಂದಿಟ್ಟರು. 'ಅಮರ ಚಿತ್ರಕಥೆ'ಯ ಮೊದಲ ಹತ್ತು ಪುಸ್ತಕಗಳು ಕನ್ನಡದಲ್ಲಿ ಬಂದವೆಂದೂ, ಇಂಗ್ಲಿಷ್ ಮಾಲೆ 11ರಿಂದ ಆರಂಭವಾಗಲು ಅದೇ ಕಾರಣವೆಂದೂ, ಈ ಪುಸ್ತಕಗಳಿಗೆ ದೊರೆತ ಮನ್ನಣೆಯೇ ಮುಂಬಯಿಯ ಮೀರ್‌ಚಂದಾನಿಯವರನ್ನು ಇಂಗ್ಲಿಷ್ ಮಾಲೆಗೆ ಪ್ರೇರೇಪಿಸಿತೆಂದೂ ಅನಂತರಾಮ್ ಅವರ ಹೇಳಿಕೆ.

ಆ ಹತ್ತರ ಪಟ್ಟಿ ಹೀಗಿದೆ: ಜ್ಯಾಕ್ ಮತ್ತು ಅವರೆಬಳ್ಳಿ, ಸಿಂಡರೆಲ್ಲಾ, ರೆಡ್ ರೈಡಿಂಗ್ ಹುಡ್, ಅಲ್ಲಾದೀನ ಮತ್ತು ಅವನ ದೀಪ, ಮಾಯಾಚಿಲುಮೆ, ಮೂರು ಹಂದಿಮರಿಗಳು, ನಿದ್ರಿಸುವ ಸುಂದರಿ, ಆಝ್‌ನ ಮಾಂತ್ರಿಕ, ಪಿನೋಕಿಯೋ, ಸ್ನೋ ವೈಟ್ ಮತ್ತು ಏಳು ಕುಳ್ಳರು. (ಇಲ್ಲಿ ಕಥೆಗಳ ಹೆಸರನ್ನು ಅರ್ಥಾನುಸಾರವಾಗಿ ಕೊಡಲಾಗಿದೆ.) ಇವನ್ನು ಜೂನಿಯರ್ ಮಾಲೆಯ ಪಟ್ಟಿಯೊಡನೆ ಹೋಲಿಸಿದರೆ ಹತ್ತೂ ಅಲ್ಲಿ ದೊರೆಯುತ್ತವೆ. ಸಿಂಡರೆಲ್ಲಾ, ಅಲ್ಲಾದೀನರಂತಹ ಕಥೆಗಳು ಎಲ್ಲಿಂದಲಾದರೂ ಬಂದಿರಬಹುದು. ಆದರೆ 'ಮಾಯಾಚಿಲುಮೆ' ಅಷ್ಟು ಪ್ರಸಿದ್ಧವಾದ ಕಥೆಯಲ್ಲ. ಜೂನಿಯರ್ ಮಾಲೆಯಲ್ಲಿ ಅದು 533ನೆಯ ಪುಸ್ತಕ. ಎರಡು ಪಟ್ಟಿಗಳ ಸಂಬಂಧವನ್ನು ಸೂಚಿಸುವ ಬಲವಾದ ಆಂತರಿಕ ಸಾಕ್ಷ್ಯವಿದು. 'ಅಮರ ಚಿತ್ರಕಥೆ' ಎಂಬ ಹೆಸರೂ ಇದೇ ದಿಕ್ಕನ್ನು ತೋರುತ್ತದೆ. ಕಾಲವನ್ನು ಮೀರಿ ನಿಲ್ಲುವ ಕೃತಿ 'ಅಮರ'. ಚಿತ್ರದ ಮೂಲಕ ಹೇಳಿದ್ದು 'ಚಿತ್ರಕಥೆ'. 'ಕ್ಲಾಸಿಕ್ಸ್ ಇಲ್ಲಸ್ಟ್ರೇಟೆಡ್' ಎಂಬ ಜೋಡಿಪದದ ಛಾಯೆ ಇಲ್ಲಿದೆಯೆಂದು ಊಹಿಸುವುದು ಅಸಂಗತವಾಗದು.

ಅನ್ಯದೇಶದ ಕಥೆಯನ್ನು ಮಕ್ಕಳಿಗೆ ಒದಗಿಸುವುದು ಕನ್ನಡಕ್ಕೆ ಹೊಸತೇನೂ ಅಲ್ಲ. ಕುವೆಂಪು ಅವರು ಬ್ರೌನಿಂಗ್‌ನ ಹ್ಯಾಮಲಿನ್ ಪಟ್ಟಣವನ್ನು ಬೊಮ್ಮನಹಳ್ಳಿಯನ್ನಾಗಿ ಮಾಡಿದರು. ಅಲ್ಲಿನ ಕೊಳಲುಗಾರ ಇಲ್ಲಿ ಕಿಂದರಿಜೋಗಿಯಾದನು. ಕವಿಗೆ ಊರು, ಉಡುಪು, ಊಟ ಎಲ್ಲವನ್ನೂ ಬದಲಿಸುವ ಸ್ವಾತಂತ್ರ್ಯವಿತ್ತು. ಚಿತ್ರಕಥೆಯನ್ನು ಅನುವಾದಿಸುವವನಿಗೆ ಆ ಸ್ವಾತಂತ್ರ್ಯವಿಲ್ಲ. ಬಣ್ಣದ ಅಚ್ಚುಗಳು ಎಲ್ಲ ಭಾಷೆಗಳಿಗೂ ಸಮಾನ. ಅಕ್ಷರಗಳಿರುವ ಕಪ್ಪು ಅಚ್ಚನ್ನು ಮಾತ್ರ ಬದಲಿಸುವುದು ಇಂತಹ ಪುಸ್ತಕಗಳ ಮುದ್ರಣದ ಸಾಮಾನ್ಯ ಪದ್ಧತಿ. ಹಿಮ ಬಿದ್ದ ಕಾಡು, ಕೋಟೆ, ಚಿಮಣಿ ಹಾಗೆಯೇ ಉಳಿಯುತ್ತವೆ. ಇಂಗ್ಲಿಷ್ ಅಕ್ಷರಗಳ ಅಳತೆಗೆ ಬರೆದ ಮಾತಿನ ಗುಳ್ಳೆಯೊಳಗೆ ಕನ್ನಡವನ್ನು ಹಿಡಿಸಬೇಕಾಗುತ್ತದೆ. ಪ್ರತ್ಯಯಗಳು ಸೇರಿ ಉದ್ದವಾಗುವ ಪದಗಳೂ, ಸಾಲಿನ ಕೆಳಗಿಳಿಯುವ ಒತ್ತಕ್ಷರಗಳೂ ಹೆಚ್ಚಿನ ಜಾಗವನ್ನು ಬೇಡುತ್ತವೆ. ಆದ್ದರಿಂದ ವಾಕ್ಯ ಚಿಕ್ಕದಾಗಲೇಬೇಕು, ಆಡುಮಾತಿಗೆ ಹತ್ತಿರವಾಗಲೇಬೇಕು. ಎಳೆಯರಿಗಾಗಿ ಬರೆಯುವ ಗದ್ಯಕ್ಕೆ ಈ ನಿರ್ಬಂಧವೇ ಒಂದು ಶಿಕ್ಷಣ.

4. ಹನ್ನೊಂದು ಮತ್ತು ಅನಂತರ

ಇನ್ನೊಂದು ಮೂಲಕಥನ ಹೆಚ್ಚು ಪ್ರಸಿದ್ಧವಾದುದು. ಅನಂತ ಪೈ (1929–2011) ಕಾರ್ಕಳದಲ್ಲಿ ಹುಟ್ಟಿ, ಎಳವೆಯಲ್ಲಿಯೇ ತಂದೆತಾಯಿಯನ್ನು ಕಳೆದುಕೊಂಡು, ಹನ್ನೆರಡರ ಹರೆಯದಲ್ಲಿ ಮುಂಬಯಿಗೆ ಹೋದವರು. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯಲ್ಲಿದ್ದಾಗ, 1964ರಲ್ಲಿ ಆರಂಭವಾದ 'ಇಂದ್ರಜಾಲ ಕಾಮಿಕ್ಸ್'ನ ಕೆಲಸದಲ್ಲಿ ಪಾಲ್ಗೊಂಡಿದ್ದರು. 1967ರಲ್ಲಿ ದೆಹಲಿಯಲ್ಲಿ ದೂರದರ್ಶನದ ರಸಪ್ರಶ್ನೆ ಕಾರ್ಯಕ್ರಮವೊಂದನ್ನು ನೋಡುತ್ತಿದ್ದಾಗ, ಗ್ರೀಕ್ ದೇವತೆಗಳ ಪ್ರಶ್ನೆಗೆ ಉತ್ತರಿಸಿದ ಸ್ಪರ್ಧಿಗಳು ರಾಮನ ತಾಯಿಯ ಹೆಸರನ್ನು ಹೇಳಲಾರದೆ ಹೋದರೆಂದೂ, ಆ ಕಳವಳದಿಂದಲೇ ಮಾಲೆ ಹುಟ್ಟಿತೆಂದೂ ಅವರು ಹೇಳುತ್ತಿದ್ದರು.

ಈ ಎರಡು ಕಥನಗಳು ಪರಸ್ಪರ ವಿರುದ್ಧವಾದವೆಂದು ತಿಳಿಯಬೇಕಾಗಿಲ್ಲ. ಮಾಲೆಯ ಹೆಸರು, ಆಕಾರ ಮತ್ತು ಮಾರುಕಟ್ಟೆಯ ಭರವಸೆ ಮೊದಲನೆಯದರಿಂದ ಬಂದರೆ, ವಸ್ತು ಮತ್ತು ಧ್ಯೇಯ ಎರಡನೆಯದರಿಂದ ಬಂದವು. ಒಂದು ಪುಸ್ತಕಕ್ಕೆ ಒಂದು ಕಥೆ, ಸುಮಾರು 32 ಪುಟ, ಹಳತಾಗದ ಸಂಚಿಕೆ, ನಿರಂತರ ಮರುಮುದ್ರಣ, ಶೀರ್ಷಿಕೆಗಳ ಪಟ್ಟಿ ಇವೆಲ್ಲ ಗಿಲ್ಬರ್ಟನ್ ಪದ್ಧತಿಯನ್ನೇ ನೆನಪಿಸುತ್ತವೆ. ಪಾಲಕರಿಗೆ ಒಪ್ಪಿಗೆಯಾಗುವ ವಿದ್ಯಾದಾಯಕ ಚಿತ್ರಕಥೆಯೆಂಬ ವಾದವೂ ಅಲ್ಲಿನದೇ. 1991ರ ವೇಳೆಗೆ 400ಕ್ಕೂ ಹೆಚ್ಚು ಪುಸ್ತಕಗಳನ್ನು ಕಂಡ ಈ ಮಾಲೆಯಲ್ಲಿ ಪುರಂದರದಾಸ, ಕೃಷ್ಣದೇವರಾಯರಂತಹ ಕನ್ನಡನಾಡಿನ ಚರಿತ್ರೆಗಳೂ ಸೇರಿದವು.

ಆದರೆ ಈ ಸ್ಥಿತ್ಯಂತರದಲ್ಲಿ ಓದುಗನ ವಯಸ್ಸು ಬದಲಾಯಿತೆಂಬ ಅಂಶವನ್ನು ಹೆಚ್ಚಿನವರು ಗಮನಿಸಿಲ್ಲ. ಮೂರು ಹಂದಿಮರಿಗಳ ಕಥೆ ಅಕ್ಷರವನ್ನು ಆಗತಾನೇ ಕಲಿತ ಮಗುವಿನದು. ಪಾಂಡವರ ದಾಯಾದಿಮತ್ಸರ, ಶಕುಂತಲೆಯ ಶಾಪವೃತ್ತಾಂತಗಳು ಹತ್ತು ಹನ್ನೆರಡರ ಹರೆಯದವರವು. ದೇಶದ ಪರಂಪರೆಯನ್ನು ಪರಿಚಯಿಸುವ ಹಿರಿದಾದ ಧ್ಯೇಯ ಕೈಗೂಡಿತು, ನಿಜ. ಅದರೊಡನೆ ತೀರ ಎಳೆಯರಿಗೆಂದೇ ಇದ್ದ ಆ ಮೊದಲ ಮೆಟ್ಟಿಲು ಮಾಲೆಯಿಂದ ಮರೆಯಾಯಿತು.

5. ಉಪಸಂಹಾರ

ಮುಂದೆ 'ಅಮರ ಚಿತ್ರಕಥೆ'ಯನ್ನು ಮರುಮುದ್ರಿಸುವಾಗ ಸಂಖ್ಯೆಗಳನ್ನು ಹೊಸದಾಗಿ ಕೊಡಲಾಯಿತು; ಅಲ್ಲಿ 'ಕೃಷ್ಣ' 501ನೆಯ ಪುಸ್ತಕ. ಜೂನಿಯರ್ ಮಾಲೆಯ 'ಸ್ನೋ ವೈಟ್' ಹೊತ್ತಿದ್ದ ಸಂಖ್ಯೆಯೂ ಅದೇ. ಇದು ಕಾಕತಾಳೀಯವಿರಬಹುದು. ಆದರೆ ಹೊಸ ಸಂಖ್ಯೆಗಳಿಂದಾಗಿ 11 ಎಂಬ ಅಂಕಿಯೂ, ಅದು ಎತ್ತುತ್ತಿದ್ದ ಪ್ರಶ್ನೆಯೂ ಪುಸ್ತಕದ ಹೊದಿಕೆಯಿಂದ ಅಳಿಸಿಹೋದವು. ಅಮೆರಿಕದ ಮೂಲ ಮಾಲೆಯನ್ನು ಟೊರಾಂಟೋದ ಜ್ಯಾಕ್ ಲೇಕ್ ಸಂಸ್ಥೆ 2003ರಿಂದ ಮತ್ತೆ ಅಚ್ಚಿಗೆ ತಂದಿತು. ಅದರ ಕನ್ನಡ ರೂಪಕ್ಕೆ ಅಂತಹ ಭಾಗ್ಯ ಒದಗಲಿಲ್ಲ.

ಮಕ್ಕಳ ಕೈಯಲ್ಲಿ ಹರಿದು, ರದ್ದಿಗೆ ಹೋಗುವ ಪುಸ್ತಕಗಳನ್ನು ಸಾಹಿತ್ಯಚರಿತ್ರೆ ಲೆಕ್ಕಕ್ಕೆ ತೆಗೆದುಕೊಂಡದ್ದು ಕಡಿಮೆ. ಭಾರತದ ಅತ್ಯಂತ ಜನಪ್ರಿಯ ಚಿತ್ರಕಥಾ ಮಾಲೆಯೊಂದರ ಆರಂಭ ಕನ್ನಡದಲ್ಲಿ ಆಯಿತೆಂಬುದು ನಮಗೆ ಅಭಿಮಾನದ ಸಂಗತಿಯಾಗಬೇಕಾದರೆ, ಮೊದಲು ಆ ಹತ್ತು ಪುಸ್ತಕಗಳ ಪ್ರತಿಗಳನ್ನು ಹುಡುಕಿ, ಅನುವಾದಕರ ಹೆಸರು, ಭಾಷೆಯ ಬಗೆ, ಮುದ್ರಣದ ವಿವರಗಳನ್ನು ದಾಖಲಿಸಬೇಕು. ಹಳೆಯ ಮನೆಗಳ ಅಟ್ಟಗಳಲ್ಲಿ, ಶಾಲೆಗಳ ಕಪಾಟುಗಳಲ್ಲಿ ಅವು ಇನ್ನೂ ಉಳಿದಿರಬಹುದು. ಉಳಿದಿರುವ ಪ್ರತಿಗಳೂ ಕೈತಪ್ಪುವ ಮುನ್ನ ಗ್ರಂಥಾಲಯಗಳು ಮತ್ತು ವಿಶ್ವವಿದ್ಯಾಲಯಗಳು ಈ ಕಾರ್ಯಕ್ಕೆ ಮುಂದಾಗುವುದು ಅಗತ್ಯ.