ಮಡಂತ್ಯಾರಿನಿಂದ ಮೇಲ್ಮನೆಗೆ

ಮಡಂತ್ಯಾರು ಗ್ರಾಮ ಪಂಚಾಯತ್ ಚುನಾವಣೆಯ ಮತಪತ್ರದಲ್ಲಿ ಕಮಲವೂ ಇರುವುದಿಲ್ಲ, ಕೈಯೂ ಇರುವುದಿಲ್ಲ. ಪಂಚಾಯತಿಗೆ ಪಕ್ಷದ ಚಿಹ್ನೆ ಸಲ್ಲದು. ಯಾರು ಯಾವ ಕಡೆಯವರೆಂದು ಊರಿಗೆಲ್ಲ ಗೊತ್ತು, ಅದು ಬೇರೆ ಮಾತು. ಹೀಗೆ ಗೆದ್ದವರೇ ಮುಂದೆ ವಿಧಾನ ಪರಿಷತ್ತಿಗೆ ಮತ ಹಾಕುತ್ತಾರೆ, ಮತ್ತು ಅಲ್ಲಿ ನಡೆಯುವುದೆಲ್ಲ ಪಕ್ಷದ ಲೆಕ್ಕವೇ.

ಪರಿಷತ್ತಿನ 75 ಸ್ಥಾನಗಳಲ್ಲಿ ಸ್ಥಳೀಯ ಸಂಸ್ಥೆಗಳ ಪಾಲು 25. ಇನ್ನು 25 ಮಂದಿಯನ್ನು ಶಾಸಕರು ಆರಿಸುತ್ತಾರೆ, ಬೆಳ್ತಂಗಡಿಯ ಕೆ. ಹರೀಶ್ ಕುಮಾರ್, ಕೆ. ಪ್ರತಾಪಸಿಂಹ ನಾಯಕ್ ಇಬ್ಬರೂ ಹೋದದ್ದು ಈ ದಾರಿಯಲ್ಲಿ. ನಾಮನಿರ್ದೇಶಿತರು 11. ಪದವೀಧರರಿಗೂ ಶಿಕ್ಷಕರಿಗೂ ತಲಾ 7. ಮಡಂತ್ಯಾರಿನ ಸೇಕ್ರೆಡ್ ಹಾರ್ಟ್ ಕಾಲೇಜಿನ ಉಪನ್ಯಾಸಕರು ನೈಋತ್ಯ ಶಿಕ್ಷಕರ ಕ್ಷೇತ್ರದ ಮತದಾರರಾಗಬಹುದು. ಅಕ್ಷರ ತಿದ್ದಿಸಿದ ಪ್ರಾಥಮಿಕ ಶಾಲೆಯ ಮಾಸ್ತರರಿಗೆ ಆ ಹಕ್ಕಿಲ್ಲ. ಯಾಕಿಲ್ಲ ಎಂಬುದಕ್ಕೆ ಒಪ್ಪುವಂಥ ಕಾರಣ ನನಗಂತೂ ಕಂಡಿಲ್ಲ.

ಮತಯಂತ್ರದ ಕೆಲಸ ಇಲ್ಲಿಲ್ಲ. ಮತಗಟ್ಟೆಯಲ್ಲಿ ಕೊಡುವ ನೇರಳೆ ಸ್ಕೆಚ್ ಪೆನ್ನಿನಿಂದಲೇ ಅಭ್ಯರ್ಥಿಯ ಹೆಸರಿನ ಎದುರು 1 ಎಂದು ಬರೆಯಬೇಕು. ಮನಸ್ಸಿದ್ದರೆ 2, 3. ಸಹಿ ಹಾಕಿದರೆ, ಹೆಬ್ಬೆಟ್ಟು ಒತ್ತಿದರೆ ಮತ ಕುಲಗೆಟ್ಟಿತು.

ಎಣಿಕೆಯಲ್ಲೇ ಸ್ವಾರಸ್ಯ. ಉಡುಪಿಯನ್ನೂ ಒಳಗೊಂಡ ದಕ್ಷಿಣ ಕನ್ನಡ ಸ್ಥಳೀಯ ಸಂಸ್ಥೆಗಳ ಕ್ಷೇತ್ರಕ್ಕೆ ಎರಡು ಸ್ಥಾನ. ಎರಡೂ ಒಟ್ಟಿಗೆ ಖಾಲಿಯಾದಾಗ, ಸಿಂಧು ಮತಗಳ ಮೂರನೇ ಒಂದು ಭಾಗಕ್ಕಿಂತ ಒಂದು ಹೆಚ್ಚು ಸಿಕ್ಕಿದರೂ ಗೆಲುವು. 2021ರ ಡಿಸೆಂಬರಿನಲ್ಲಿ ಬಿಜೆಪಿಯ ಕೋಟ ಶ್ರೀನಿವಾಸ ಪೂಜಾರಿಯವರಿಗೆ 3,672 ಮತ ಬಂತು, ಕಾಂಗ್ರೆಸ್ಸಿನ ಮಂಜುನಾಥ ಭಂಡಾರಿಯವರಿಗೆ 2,079. ಇಬ್ಬರೂ ಗೆದ್ದರು. ಕೋಟ ಅವರು 2024ರಲ್ಲಿ ಲೋಕಸಭೆಗೆ ಹೋದ ಮೇಲೆ ಅಕ್ಟೋಬರಿನಲ್ಲಿ ಉಪಚುನಾವಣೆ ನಡೆಯಿತು. ಬಿಜೆಪಿಯ ಕಿಶೋರ್ ಕುಮಾರ್ ಬೊಟ್ಯಾಡಿಯವರಿಗೆ 3,655, ಕಾಂಗ್ರೆಸ್ಸಿನ ರಾಜು ಪೂಜಾರಿಯವರಿಗೆ 1,958. ಬಲಾಬಲ ಹೆಚ್ಚುಕಡಿಮೆ ಹಿಂದಿನದೇ. ಆದರೆ ಸ್ಥಾನ ಒಂದೇ ಇದ್ದಾಗ ಅರ್ಧ ದಾಟಬೇಕು; ಕಾಂಗ್ರೆಸ್ ಬರಿಗೈಯಲ್ಲಿ ಮರಳಿತು.

ಪರಿಷತ್ತು ವಿಸರ್ಜನೆಯಾಗುವ ಸದನವಲ್ಲ. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗದ ಸದಸ್ಯರು ನಿವೃತ್ತರಾಗುತ್ತಾರೆ. ಹಾಗಾಗಿ ಸರ್ಕಾರ ಬದಲಾದರೂ ಮೇಲ್ಮನೆಯಲ್ಲಿ ಹಳೆಯ ಗಾಳಿಯೇ ಬೀಸುತ್ತಿರುತ್ತದೆ. 2020ರ ಡಿಸೆಂಬರಿನಲ್ಲಿ ಗೋಹತ್ಯೆ ನಿಷೇಧ ಮಸೂದೆಗೆ ವಿಧಾನಸಭೆಯಲ್ಲಿ ಒಪ್ಪಿಗೆ ಪಡೆದ ಬಿಜೆಪಿ ಸರ್ಕಾರಕ್ಕೆ ಪರಿಷತ್ತಿನಲ್ಲಿ ಬಹುಮತವಿರಲಿಲ್ಲ. ಸುಗ್ರೀವಾಜ್ಞೆಯ ಮೊರೆ ಹೋಗಬೇಕಾಯಿತು. ಆಗ ಸಭಾಪತಿ ಪೀಠದಲ್ಲಿದ್ದವರು ಕರಾವಳಿಯವರೇ ಆದ ಕಾಂಗ್ರೆಸ್ಸಿನ ಪ್ರತಾಪಚಂದ್ರ ಶೆಟ್ಟಿ. 2024ರ ಫೆಬ್ರವರಿಯಲ್ಲಿ ಪಾತ್ರಗಳು ಅದಲುಬದಲಾದವು. ದೇವಸ್ಥಾನಗಳ ಆದಾಯಕ್ಕೆ ಸಂಬಂಧಿಸಿದ ಕಾಂಗ್ರೆಸ್ ಸರ್ಕಾರದ ಧಾರ್ಮಿಕ ದತ್ತಿ ತಿದ್ದುಪಡಿ ಮಸೂದೆ ಪರಿಷತ್ತಿನಲ್ಲಿ ಧ್ವನಿಮತದಿಂದಲೇ ಬಿದ್ದುಹೋಯಿತು.

ಬೀಳಿಸಿದರೂ ಅದು ತಡೆ ಮಾತ್ರ. ಅದೇ ತಿಂಗಳ 29ರಂದು ವಿಧಾನಸಭೆ ಆ ಮಸೂದೆಯನ್ನು ಮತ್ತೆ ಅಂಗೀಕರಿಸಿತು. ಜೂನಿನ ಚುನಾವಣೆಗಳ ಬಳಿಕ ಪರಿಷತ್ತಿನಲ್ಲಿ ಕಾಂಗ್ರೆಸ್ಸೇ ದೊಡ್ಡ ಪಕ್ಷವಾಯಿತಾದರೂ ಬಹುಮತಕ್ಕೆ ಬೇಕಾದ 38 ಆಗ ಕೈಗೆಟುಕಲಿಲ್ಲ.