ಕೌದಿಗೆ ಕೂಡುವ ಕೈಗಳು

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೇಸಿಗೆಯೆಂದರೆ ಕೌದಿಯ ಕಾಲ, ಹಳೆ ಬಟ್ಟೆಯ ಪದರುಗಳನ್ನು ಕೂಡಿಸಿ ಹೊದಿಕೆ ಹೊಲಿಯುವ ಕಾಲ. ಸುಗ್ಗಿ ಮುಗಿದು ಹೊಲದ ಕೆಲಸ ಸಡಿಲಾಗಿರುತ್ತದೆ, ಮಳೆಗೆ ಇನ್ನೂ ದಿನಗಳಿರುತ್ತವೆ. ಆಗ ಟ್ರಂಕಿನಿಂದ ಹಳೆ ಬಟ್ಟೆಯ ಗಂಟುಗಳು ಹೊರಬರುತ್ತವೆ: ಉಟ್ಟು ಉಟ್ಟು ಮೆತ್ತಗಾದ ಇಳಕಲ್ ಸೀರೆ, ಅಂಚು ಹರಿದ ಧೋತರ, ಮಗಳಿಗೆ ಗಿಡ್ಡವಾದ ಲಂಗ, ಇನ್ನೂ ಬಣ್ಣ ಉಳಿದಿರುವ ಕುಬಸದ ತೋಳು. ಗುಂಡಿ, ಹುಕ್ಕು ಕಿತ್ತು, ದಪ್ಪ ಹೊಲಿಗೆ ಬಿಚ್ಚಿ, ಒಗೆದು ಒಣಗಿಸಿ ಪಡಸಾಲೆಯಲ್ಲಿ ಸೀರೆ ಹಾಸುತ್ತಾರೆ. ಆಮೇಲೆ ಅಕ್ಕಪಕ್ಕದ ಮನೆಗಳಿಗೆ ಕರೆ ಹೋಗುತ್ತದೆ.

ಒಬ್ಬಳೇ ಕೂತರೂ ಕೌದಿ ಹೊಲಿಯಬಹುದು, ವಾರಗಳೇ ಹಿಡಿಯುತ್ತವೆ ಅಷ್ಟೆ. ಆದರೆ ಕೂಡಿ ಹೊಲಿಯುವುದರಿಂದ ಬೇಗ ಮುಗಿಯುವುದಷ್ಟೇ ಲಾಭವಲ್ಲ. ಇಲ್ಲಿ ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ಚೌಕಟ್ಟು ಇರುವುದಿಲ್ಲ. ಪದರುಗಳನ್ನು ನೆಲದ ಮೇಲೆ ಹರವಿ, ಮೇಲೆ ತುಂಡುಗಳನ್ನು ಜೋಡಿಸಿ, ಹೆಂಗಸರು ಸುತ್ತ ಕೂತಾಗ ಅವರ ಮೈಭಾರವೇ ಬಟ್ಟೆಯನ್ನು ಹಿಡಿದಿಡುತ್ತದೆ. ಹೊಲಿಗೆ ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಸಾಗಿದಂತೆ ಅವರೂ ಒಳಕ್ಕೆ ಸರಿದು, ಕಡೆಗೆ ತಾವು ಹೊಲಿದ ಭಾಗದ ಮೇಲೆಯೇ ಕೂತಿರುತ್ತಾರೆ. ಒಬ್ಬಳು ಅವಸರ ಮಾಡಿದರೆ ಇನ್ನೊಬ್ಬಳ ಕಡೆ ಬಟ್ಟೆ ನೆರಿಗೆ ಕಟ್ಟುತ್ತದೆ. ಹಾಗಾಗಿ ಕೈ ಚುರುಕಿದ್ದವಳು ತುಸು ತಡೆಯಬೇಕು, ನಿಧಾನದವಳಿಗೆ ಉಳಿದವರು ಕಾಯಬೇಕು. ಹಾಡು, ಹರಟೆ, ಮಗಳ ಸಂಬಂಧದ ಮಾತು, ಅತ್ತೆಯ ದೂರು ಎಲ್ಲ ಆ ನಡಿಗೆಯಲ್ಲೇ ನಡೆಯುತ್ತವೆ. ಕಣ್ಣು ಮಂಜಾದ ಅಜ್ಜಿ, “ಯವ್ವಾ, ಸೂಜಿಗೆ ದಾರ ಪೋಣಿಸಿಕೊಡ ಬಾ” ಎಂದು ಮೊಮ್ಮಗಳನ್ನು ಕರೆಯುತ್ತಾಳೆ. ಆ ಹುಡುಗಿಯ ಕೌದಿ ಕಲಿಕೆ ಅಲ್ಲಿಂದಲೇ ಶುರು.

ಹೀಗೆ ಕೂಡಿ ಹೊಲಿಯುವುದಕ್ಕೆ ಕೂಲಿಯಿಲ್ಲ. ಇವತ್ತು ನಮ್ಮ ಮನೆಯ ಕೌದಿಗೆ ನೀವು ಬಂದರೆ ನಾಳೆ ನಿಮ್ಮ ಮನೆಯದಕ್ಕೆ ನಾವು. ಹೊಲದ ಮುಯ್ಯಾಳಿನ ಲೆಕ್ಕವೇ ಇಲ್ಲೂ. ಅಲೆಮಾರಿ ಸಮುದಾಯದ ಹೆಂಗಸರು ಊರೂರಿಗೆ ಬಂದು ಕೂಲಿಗೆ ಹೊಲಿದುಕೊಡುವುದೂ ಉಂಟು. ಕೌದಿ ಸವೆದರೆ ಅದರ ಮೇಲೆ ಇನ್ನೊಂದು ಪದರು ಬರುತ್ತದೆ, ತೀರಾ ಹಳೆಯದು ಹೊಸದರ ಒಡಲಿಗೆ ಸೇರುತ್ತದೆ. ಬಾಣಂತನಕ್ಕೆ ಬಂದ ಮಗಳಿಗೆ ಮಾತ್ರ ಎಲ್ಲಕ್ಕಿಂತ ಮೆತ್ತನೆಯ ಬಟ್ಟೆ ಆರಿಸಿ ಕೂಸಿನ ಕೌದಿ ಮಾಡುತ್ತಾರೆ.

ಇದೇ ಕಸುಬಿನ ಇನ್ನೊಂದು ಚೆಂದದ ಕವಲನ್ನು ನೋಡಲು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿಗೆ ಹೋಗಬೇಕು. ಅಲ್ಲಿನ ಸಿದ್ದಿಯರ ಪೂರ್ವಜರಲ್ಲಿ ಹಲವರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಸಿದ್ದಿ ಹೆಂಗಸರು ಬಟ್ಟೆಯ ತುಂಡುಗಳನ್ನು ಮೊದಲೇ ಒಂದಕ್ಕೊಂದು ಕೂಡಿಸಿಟ್ಟುಕೊಳ್ಳುವುದಿಲ್ಲ. ಹಾಸಿದ ಸೀರೆಯ ಒಂದು ಮೂಲೆಯಿಂದ ಹಿಡಿದು, ಹೊಲಿಯುತ್ತ ಹೋದಂತೆ ತುಂಡುಗಳನ್ನು ಸೇರಿಸುತ್ತ, ಅಂಚಿನ ಸುತ್ತಿನಿಂದ ನಡುವಿಗೆ ಬರುತ್ತಾರೆ. ಮುಂದಿನ ತುಂಡು ಯಾವ ಬಣ್ಣದ್ದು ಎಂಬುದು ಆ ಗಳಿಗೆಯ ತೀರ್ಮಾನ. ನಾಲ್ಕು ಮೂಲೆಗಳಿಗೆ ಮಡಿಚಿದ ಬಟ್ಟೆಯ ‘ಫೂಲ’ ಬರಲೇಬೇಕು, ಅದಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಸಿದ್ದಿಯರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಹಾಗಾಗಿ ಒಂದು ಕೌದಿಯಲ್ಲಿ ಶಿಲುಬೆ ಕಂಡರೆ ಇನ್ನೊಂದರಲ್ಲಿ ಅರ್ಧಚಂದ್ರ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂಯಲ್ ಈ ಕೆಲಸವನ್ನು ಅಧ್ಯಯನ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕೌದಿಗಳ ಪ್ರದರ್ಶನ ನಡೆಯಿತು.

ಈಗಿನ ದೊಡ್ಡ ತೊಡಕು ಬಟ್ಟೆಯದೇ. ದಿನಬಳಕೆಗೆ ಸಿಂಥೆಟಿಕ್ ಸೀರೆ ಬಂದ ಮೇಲೆ ಹಳೆ ಹತ್ತಿ ಬಟ್ಟೆ ಗಂಟಿನಲ್ಲಿ ಕಡಿಮೆಯಾಗಿದೆ. ಸಿಂಥೆಟಿಕ್ ಪದರು ಜಾರುತ್ತದೆ, ಬೆವರು ಹೀರುವುದಿಲ್ಲ. ನಗರದ ಅಂಗಡಿಗಳು ಎಲ್ಲ ಹೊಲಿಗೆಯೂ ಒಂದೇ ಅಳತೆಯಲ್ಲಿರಲಿ, ಬಣ್ಣ ಹೊಂದಲಿ ಎಂದು ಕೇಳುವುದೂ ನನಗೆ ಸರಿಕಾಣದು. ಒಬ್ಬಳ ಹೊಲಿಗೆ ಸಣ್ಣ, ಇನ್ನೊಬ್ಬಳದು ಉದ್ದ, ಮತ್ತೊಬ್ಬಳದು ತುಸು ಓರೆ. ಬಲ್ಲವರು ಕೌದಿಯನ್ನು ತಿರುವಿ ಹಾಕಿ, ಯಾವ ಕಡೆಗೆ ಯಾರು ಕೂತಿದ್ದರೆಂದು ಹೇಳುತ್ತಾರೆ. ಆ ಗುರುತು ಅಳಿಸಿದರೆ ಕೌದಿಯಲ್ಲಿ ಉಳಿಯುವುದು ಕಡಿಮೆ.

ಗೆಳತಿಯರು ಕೂಡಿ ಒಂದು ಕೌದಿ ಹೊಲಿಯುವುದಾದರೆ ತೊಟ್ಟಿಲ ಅಳತೆಯಿಂದ ಶುರು ಮಾಡಿ, ನಾಲ್ಕು ಜನ ಸಾಕು. ಎಲ್ಲರೂ ತಮ್ಮ ಮನೆಯ ಹಳೆ ಹತ್ತಿ ಬಟ್ಟೆ ತರಲಿ. ಹೊಸ ಬಟ್ಟೆ ಬೆರೆಸುವುದಾದರೆ ಮೊದಲೇ ಒಗೆದಿಡಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಸುತ್ತಲಿನದನ್ನು ಎಳೆಯುತ್ತದೆ. ಮೂರು ಪದರಿಗಿಂತ ಹೆಚ್ಚಾದರೆ ಹೊಸಬರ ಬೆರಳು ನೋಯುತ್ತದೆ. ದಾರದ ಗಂಟು ಪದರಿನೊಳಗೇ ಅಡಗಿರಲಿ, ಕೂಸಿನ ಮೈಗೆ ಒತ್ತಬಾರದು. ಪ್ರತಿ ಸುತ್ತು ಮುಗಿದಾಗ ನಾಲ್ವರೂ ಸೂಜಿ ನಿಲ್ಲಿಸಿ, ಅಂಗೈಯಿಂದ ಬಟ್ಟೆಯನ್ನು ನಡುವಿನ ಕಡೆಗೆ ಸವರಿ, ಮುಂದಿನ ಸುತ್ತು ಹಿಡಿಯಿರಿ.