ಹುಟ್ಟಿದ ಊರು, ಹಿಡಿದ ಪೌರತ್ವ

ಮೂರು ಕಡೆಯಿಂದ ನೀರು ಸುತ್ತುವರಿದ ಕುಂದಾಪುರಕ್ಕೆ ಪರದೇಶದ ನಂಟು ಹೊಸದಲ್ಲ. ಬಸರೂರು, ಬಾರಕೂರುಗಳು ಬಂದರುಗಳಾಗಿ ಮೆರೆದ ಕಾಲದಲ್ಲಿ ಪರದೇಶದವರೇ ಇಲ್ಲಿಗೆ ಬರುತ್ತಿದ್ದರು. ಮುಂದೆ ಇಲ್ಲಿಯ ತರುಣರು ಹೋಟೆಲಿನ ಕೆಲಸಕ್ಕೆಂದು ಮುಂಬಯಿ, ಬೆಂಗಳೂರುಗಳ ದಾರಿ ಹಿಡಿದರು. ಇಂದು ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಎಷ್ಟೋ ಮನೆಗಳಲ್ಲಿ ಒಬ್ಬ ಮಗ ಮಸ್ಕತಿನಲ್ಲಿದ್ದರೆ ಇನ್ನೊಬ್ಬ ಅಮೆರಿಕದಲ್ಲಿರುತ್ತಾನೆ.

ತಾಯಿಗೆ ಇಬ್ಬರೂ ಒಂದೇ. ಆದರೆ ತಾಲೂಕು ಕಚೇರಿಯ ಮೇಜಿನ ಮುಂದೆ ಇಬ್ಬರೂ ಒಂದೇ ಅಲ್ಲ. ಈ ಭೇದವನ್ನು ತಿಳಿಯದೆ ಸಂಕಟಕ್ಕೆ ಸಿಲುಕುವ ಕುಟುಂಬಗಳುಂಟು.

ಕೊಲ್ಲಿ ರಾಷ್ಟ್ರಗಳು ದುಡಿಯಲು ಬಂದವರಿಗೆ ಸಾಮಾನ್ಯವಾಗಿ ಪೌರತ್ವ ಕೊಡುವುದಿಲ್ಲ. ಆದುದರಿಂದ ಮಸ್ಕತಿನ ಅಣ್ಣ ಮೂವತ್ತು ವರ್ಷ ಅಲ್ಲಿದ್ದರೂ ಭಾರತದ ಪೌರನೇ. ಅಮೆರಿಕದ ತಮ್ಮನ ಸಂಗತಿ ಬೇರೆ. ಅವನು ಅಲ್ಲಿಯ ಪೌರತ್ವವನ್ನು ಸ್ವಇಚ್ಛೆಯಿಂದ ಸ್ವೀಕರಿಸಿದನೆಂದರೆ, 1955ರ ಪೌರತ್ವ ಕಾಯಿದೆಯ 9ನೆಯ ವಿಧಿಯಂತೆ ಭಾರತದ ಪೌರತ್ವ ತಾನಾಗಿಯೇ ಕೊನೆಗೊಳ್ಳುತ್ತದೆ. ಹಳೆಯ ಪಾಸ್‌ಪೋರ್ಟನ್ನು ಅವನು ಒಪ್ಪಿಸಲೇಬೇಕು. ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟುಕೊಂಡ ಮಾತ್ರಕ್ಕೆ ಪೌರತ್ವ ಉಳಿಯದು.

ಇಂತಹವರಿಗಾಗಿ 2005ರಲ್ಲಿ ಕಾನೂನಿಗೆ ತಿದ್ದುಪಡಿ ತಂದು ಜಾರಿಗೊಳಿಸಿದ್ದೇ ಓಸಿಐ ಕಾರ್ಡು. ಜೀವಮಾನವಿಡೀ ವೀಸಾದ ತೊಡಕಿಲ್ಲದೆ ಬಂದುಹೋಗಬಹುದು. ಮನೆ, ನಿವೇಶನ ಕೊಳ್ಳಬಹುದು. ಹೆಸರಿನಲ್ಲಿ ‘ಪೌರ’ ಎಂಬ ಮಾತಿದ್ದರೂ ಇದು ಪೌರತ್ವವಲ್ಲ. ಎಡವುವುದು ಇಲ್ಲಿಯೇ.

ಮೊದಲನೆಯದು ಮತ. ಓಸಿಐ ಕಾರ್ಡಿನವರಿಗೆ ಮತದಾನದ ಹಕ್ಕಿಲ್ಲ. ಪೌರನಲ್ಲವೆಂದು ತಿಳಿದೂ ಸುಳ್ಳು ಘೋಷಣೆ ಮಾಡಿ ಪಟ್ಟಿಗೆ ಹೆಸರು ಸೇರಿಸಿದರೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಅಣ್ಣನಿಗಾದರೋ 2010ರ ತಿದ್ದುಪಡಿಯ ಫಲವಾಗಿ, ನಮೂನೆ 6ಎ ತುಂಬಿ ಊರಿನ ಪಟ್ಟಿಯಲ್ಲಿ ಹೆಸರಿಡುವ ಅವಕಾಶವುಂಟು. ಆದರೆ ಪಾಸ್‌ಪೋರ್ಟ್ ಹಿಡಿದು ಖುದ್ದಾಗಿ ಬಂದೇ ಮತ ಹಾಕಬೇಕು.

ಎರಡನೆಯದು ಆಧಾರ್. ಭಾರತದ ಪಾಸ್‌ಪೋರ್ಟಿರುವ ಅಣ್ಣ ಊರಿಗೆ ಬಂದೊಡನೆ ಅರ್ಜಿ ಕೊಡಬಹುದು. ತಮ್ಮನು ಅರ್ಜಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಈ ದೇಶದಲ್ಲಿ ವಾಸವಾಗಿರಬೇಕು. ಆಧಾರ್ ದೊರೆತರೆ ಪೌರತ್ವ ದೊರೆತಂತೆ ಎಂದು ಭಾವಿಸುವವರುಂಟು. 2016ರ ಆಧಾರ್ ಕಾಯಿದೆಯೇ ಈ ಭ್ರಮೆಯನ್ನು ನಿವಾರಿಸಿದೆ: ಆ ಸಂಖ್ಯೆ ಪೌರತ್ವಕ್ಕೆ ಪುರಾವೆಯಲ್ಲ. ವಾಹನ ಚಾಲನೆಯ ಲೈಸೆನ್ಸಿನ ಮಾತೂ ಹಾಗೆಯೇ. ಅದು ವಯಸ್ಸು, ವಿಳಾಸ, ಚಾಲನೆಯ ಸಾಮರ್ಥ್ಯಗಳನ್ನು ನೋಡಿ ಕೊಡುವಂಥದು.

ಪಡಿತರ ಚೀಟಿಯೋ, ಊರಿನಲ್ಲಿ ನೆಲೆಸಿ ಉಣ್ಣುವವರಿಗಾಗಿ ಇರುವುದು. ಪರದೇಶದಲ್ಲಿ ನೆಲೆಸಿದ ಮಗನ ಹೆಸರನ್ನು, ಅವನು ಯಾವ ದೇಶದ ಪೌರನೇ ಆಗಿರಲಿ, ತೆಗೆಸುವುದೇ ನ್ಯಾಯ. ಪ್ರೀತಿಗಾಗಿ ಉಳಿಸಿಕೊಂಡ ಹೆಸರು ಮುಂದೆ ವೃದ್ಧ ತಾಯಿಯನ್ನೇ ಉತ್ತರ ಹೇಳುವಂತೆ ಮಾಡೀತು.

ಎಲ್ಲಕ್ಕಿಂತ ಸೂಕ್ಷ್ಮವಾದುದು ಗದ್ದೆ, ತೋಟಗಳ ವಿಷಯ. ಓಸಿಐ ಕಾರ್ಡಿನವರು ಕೃಷಿಭೂಮಿಯನ್ನು ಕೊಳ್ಳುವಂತಿಲ್ಲ. ಪರದೇಶದಲ್ಲಿ ನೆಲೆಸಿರುವಷ್ಟು ಕಾಲ ಅಣ್ಣನಿಗೂ ಇದೇ ತಡೆ. ಅವನು ಖಾಯಂ ಆಗಿ ಮರಳಿದರೆ ಅದು ನೀಗುತ್ತದೆ. ಆದರೆ ಹೆತ್ತವರಿಂದ ಪಿತ್ರಾರ್ಜಿತವಾಗಿ ಬರುವ ಗದ್ದೆಯ ಪಾಲಿಗೆ ಇಬ್ಬರಿಗೂ ಅಡ್ಡಿಯಿಲ್ಲ. ಅಮೆರಿಕದವನಾದ ಮಾತ್ರಕ್ಕೆ ಅವನ ಪಾಲು ಮುಳುಗಿತೆಂದು ಹೆದರಿಸುವ ದಾಯಾದಿಗಳ ಮಾತಿಗೆ ಕಾನೂನಿನ ಬಲವಿಲ್ಲ. ಹೀಗೆ ಬಂದ ಕೃಷಿಭೂಮಿಯನ್ನು ಮಾರುವಾಗ ಮಾತ್ರ ಭಾರತದಲ್ಲಿ ನೆಲೆಸಿರುವವರಿಗೇ ಮಾರಬೇಕು.

ಮಕ್ಕಳ ವಿದ್ಯೆಗೂ ಈ ನಿಯಮಗಳ ನೆರಳು ಬೀಳುತ್ತದೆ. ಅಮೆರಿಕದಲ್ಲಿ ಹುಟ್ಟಿ ಬ್ರಹ್ಮಾವರದ ಶಾಲೆಯಲ್ಲಿ ಕನ್ನಡ ಕಲಿತು ಬೆಳೆದ ಹುಡುಗಿ ವೈದ್ಯಕೀಯ ಸೀಟು ಬಯಸಿದಳೆನ್ನೋಣ. 2021ರ ಮಾರ್ಚ್ 4ರ ಕೇಂದ್ರ ಸರ್ಕಾರದ ಅಧಿಸೂಚನೆಯಂತೆ ಓಸಿಐ ಕಾರ್ಡಿನವರು ಅನಿವಾಸಿಗಳಿಗೆ ಮೀಸಲಾದ ಸೀಟುಗಳಿಗೆ ಮಾತ್ರ ಅರ್ಹರು. ಭಾರತೀಯರಿಗೇ ಮೀಸಲಾದ ಸೀಟು ಅವರಿಗಿಲ್ಲ. ಆ ದಿನಕ್ಕೆ ಮೊದಲೇ ಕಾರ್ಡು ಪಡೆದಿದ್ದವರಿಗೆ ಹಿಂದಿನ ಹಕ್ಕು ಉಳಿಯಬೇಕೆಂದು 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಒಂದು ಕಾರ್ಡಿನ ಮೇಲಣ ತಾರೀಕು ಒಂದು ಮಗುವಿನ ಭವಿಷ್ಯವನ್ನು ನಿರ್ಧರಿಸಬಲ್ಲುದು!

ಒಂದು ಕಾಲದಲ್ಲಿ ಬೈಂದೂರಿನವರು ಇಂತಹ ಕೆಲಸಗಳಿಗೆ ಕುಂದಾಪುರಕ್ಕೂ, ಬ್ರಹ್ಮಾವರದವರು ಉಡುಪಿಗೂ ಅಲೆಯಬೇಕಿತ್ತು. ಈಗ ಎರಡೂ ಪ್ರತ್ಯೇಕ ತಾಲೂಕುಗಳು. ಕಚೇರಿ ಹತ್ತಿರ ಬಂದಿದೆ. ಆದರೆ ಗುಮಾಸ್ತರು ಮುಖ ಪರಿಚಯದಿಂದ ಪೌರತ್ವವನ್ನು ತೀರ್ಮಾನಿಸಲಾರರು, ತೀರ್ಮಾನಿಸಲೂ ಬಾರದು. “ನಮ್ಮ ಮಾಣಿಯನ್ನು ನೀವು ಅರಿಯಿರೇ?” ಎಂದು ತಾಯಿ ಕೇಳಿದರೆ ಅವರು ತಲೆಯಾಡಿಸಿಯಾರು, ಕಾಗದವನ್ನಂತೂ ಕೇಳಿಯೇ ಕೇಳುತ್ತಾರೆ.

ಹಾಗೆಂದು ಮರಳುವ ಬಾಗಿಲು ಮುಚ್ಚಿಲ್ಲ. ಓಸಿಐ ಆಗಿ ಐದು ವರ್ಷ ಕಳೆದು, ಅರ್ಜಿಗೆ ಮೊದಲು ಹನ್ನೆರಡು ತಿಂಗಳು ಇಲ್ಲಿ ವಾಸವಾಗಿದ್ದವರು ಭಾರತದ ಪೌರತ್ವವನ್ನು ಪುನಃ ಕೋರಬಹುದು. ಪರದೇಶದ ಪೌರತ್ವವನ್ನು ಆಗ ಬಿಡಬೇಕಾಗುತ್ತದೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದು ಅವರವರ ಮನೆಯ ಮಾತು. ತಾಯಿಗೆ ಕೈಲಾಗದ ಕಾಲ ಬರುವ ಮುನ್ನವೇ ಮನೆಮಂದಿ ಒಟ್ಟಿಗೆ ಕುಳಿತು ಆ ಮಾತನ್ನು ಮುಗಿಸಿಕೊಳ್ಳುವುದು ಮೇಲು.